ಸಂಡಿಗೆಯ ಬಟ್ಟೆಯ ಮೇಲಿನ ಏಣಿ

ನಮ್ಮ ಮನೆಯಲ್ಲಿ ಸಂಡಿಗೆ ಒಣಗಿಸುವುದಕ್ಕೆಂದೇ ಮೀಸಲಾದ ಒಂದು ಬಟ್ಟೆಯಿದೆ. ಅದು ಹಳೆಯ ಸೀರೆಯಲ್ಲ, ಪಂಚೆಯೂ ಅಲ್ಲ. ಅಹಮದಾಬಾದಿನ ಗಿರಣಿಯೊಂದರಲ್ಲಿ ನೇಯ್ದ ದಪ್ಪ ಕೋರಾ ಬಟ್ಟೆ. ಹೆಚ್ಚುಕಡಿಮೆ ಒಂದು ಬಾಗಿಲಿನಷ್ಟು ಉದ್ದಗಲ. ಅದರ ಒಂದು ಮಗ್ಗುಲಿನಲ್ಲಿ ನನ್ನ ಹೆಂಡತಿ ಗಂಗವ್ವ ಪ್ರತಿ ಬೇಸಿಗೆಯಲ್ಲೂ ಸಾಬೂದಾಣಿಯ ಗಂಜಿಯನ್ನು ಸೌಟಿನಿಂದ ದುಂಡುದುಂಡಗೆ ಬಿಡುತ್ತಾಳೆ. ಇನ್ನೊಂದು ಮಗ್ಗುಲಿನಲ್ಲಿ ಮನುಕುಲದ ಸಮಗ್ರ ಇತಿಹಾಸವಿದೆ.

ಉತ್ಪ್ರೇಕ್ಷೆಯೆಂದು ನೀವು ನಕ್ಕರೆ ನನ್ನ ಆಕ್ಷೇಪವಿಲ್ಲ. ಈಗೀಗ ಆ ಚಿತ್ರವನ್ನು ಕಂಡರೆ ನನಗೂ ನಗು ಬರುತ್ತದೆ. ಐದು ಮೆಟ್ಟಿಲಿನ ಒಂದು ಏಣಿ. ಕೆಳಗಿನ ಮೆಟ್ಟಿಲಿನಲ್ಲಿ ಎಲೆ ಸುತ್ತಿಕೊಂಡ ಆದಿಮಾನವರು ಬೇಟೆಯನ್ನು ಹಂಚಿಕೊಂಡು ತಿನ್ನುತ್ತಿದ್ದಾರೆ. ಅದರ ಮೇಲೆ ಸಂಕೋಲೆ ತೊಟ್ಟ ಗುಲಾಮ. ಅವನ ಮೇಲೆ ಕಿರೀಟವಿಟ್ಟ ದೊರೆ ಮತ್ತು ನೇಗಿಲು ಹಿಡಿದ ರೈತ. ಅವರ ಮೇಲೆ ಹೊಗೆಯುಗುಳುವ ಗಿರಣಿ. ಎಲ್ಲಕ್ಕಿಂತ ಮೇಲೆ, ಕೆಂಬಾವುಟ ಹಿಡಿದು ಎಡಗಾಲನ್ನು ಮುಂದಿಟ್ಟು ನಿಂತ ಕಾರ್ಮಿಕ. ಮಾರ್ಕ್ಸ್‌ವಾದವೆಂದರೆ ಇದು, ಸಮಾಜಗಳೆಲ್ಲ ಈ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತುತ್ತವೆ, ನಡುವಿನದನ್ನು ಹಾರುವಂತಿಲ್ಲ, ಹತ್ತಿದ್ದನ್ನು ಇಳಿಯುವಂತಿಲ್ಲ ಎಂದು ನಮಗೆ ಕಲಿಸಲಾಗಿತ್ತು. ಕಲಿಸಿದವನೂ ಚಿತ್ರ ಬರೆದವನೂ ಒಬ್ಬನೇ: ವಾಸುದೇವ ಕುಲಕರ್ಣಿ, ನನ್ನ ಪಾಲಿಗೆ ವಾಸಣ್ಣ.

ವಾಸಣ್ಣ ಧಾರವಾಡದವನು. ವಿಮಾ ಕಚೇರಿಯ ನೌಕರಿಯ ಮೇಲೆ ಅಹಮದಾಬಾದಿಗೆ ಬಂದಿದ್ದ. ನಾನು ಬೆಟಗೇರಿಯ ನೇಕಾರರ ಮನೆಯವನು. ಶಾಲೆಯನ್ನು ನಡುವಿನಲ್ಲೇ ಬಿಟ್ಟು, ಸೋದರಮಾವನ ಬೆನ್ನು ಹತ್ತಿ, ಸೋಲಾಪುರದ ದಾರಿಯಾಗಿ ಇಲ್ಲಿಯ ಗಿರಣಿಗೆ ಬಂದು ಬಿದ್ದವನು. ಗಿರಣಿಯವರ ವಠಾರವಾದ ನಮ್ಮ ಚಾಳಿನ ಮೇಲಂತಸ್ತಿನ ಕೋಣೆಯಲ್ಲಿ ವಾಸಣ್ಣ ವಾರಕ್ಕೊಮ್ಮೆ ಪಾಠ ಹೇಳುತ್ತಿದ್ದ. ಪಾಳಿ ಮುಗಿಸಿ ಬಂದ ನಮ್ಮ ಕಿವಿಯಲ್ಲಿ ಮಗ್ಗಗಳ ಸದ್ದು ಇನ್ನೂ ಗುಂಯ್‌ಗುಡುತ್ತಿದ್ದುದರಿಂದ ಅವನು ಕೂಗಿ ಕೂಗಿ ಹೇಳಬೇಕಾಗುತ್ತಿತ್ತು. ಸೌಮ್ಯವಾಗಿ ಮಾತನಾಡಿದರೆ ಸಿದ್ಧಾಂತ ನಮ್ಮೊಳಗೆ ಇಳಿಯುತ್ತಿರಲಿಲ್ಲ. ಇಂದಿಗೂ ಅವನಿಗೆ ಮೆಲ್ಲನೆ ಮಾತನಾಡಲು ಬರುವುದಿಲ್ಲ, ನನಗೆ ಮೆಲ್ಲನೆ ಆಡಿದ್ದು ಕೇಳಿಸುವುದಿಲ್ಲ. ನಮ್ಮ ಸ್ನೇಹ ಉಳಿದುಬಂದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಗಿರಣಿ ಮುಚ್ಚಿದಾಗ ಕೋಣೆಯನ್ನು ಖಾಲಿ ಮಾಡಬೇಕಾಯಿತು. ಅಲ್ಲಿದ್ದ ವಸ್ತುಗಳನ್ನು ಎಲ್ಲರೂ ಹಂಚಿಕೊಂಡರು. ಈ ಬಟ್ಟೆ ನನ್ನ ಪಾಲಿಗೆ ಬಂತು. ಗಂಗವ್ವ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಬಣ್ಣವಿಲ್ಲದ ಮಗ್ಗುಲನ್ನು ಬೆರಳಿನಿಂದ ತಿಕ್ಕಿ, "ಅರಿವಿ ಗಟ್ಟಿ ಐತಿ" ಎಂದಳು. ಒಂದು ಸಿದ್ಧಾಂತದ ಬಗ್ಗೆ ಅಷ್ಟು ಸಂಕ್ಷಿಪ್ತವಾದ, ಅಷ್ಟು ನಿಷ್ಪಕ್ಷಪಾತವಾದ ವಿಮರ್ಶೆಯನ್ನು ನಾನು ಮತ್ತೆ ಕೇಳಿಲ್ಲ.

ಈ ವರ್ಷ ಆ ಬಟ್ಟೆಗೆ ಹಕ್ಕುದಾರ ಹುಟ್ಟಿಕೊಂಡ. ನಮ್ಮ ಕನ್ನಡ ಕೂಟದವರು ಈ ಭಾನುವಾರದ ಸಭೆಯಲ್ಲಿ, ಇಲ್ಲಿಗೆ ಬಂದ ಹಳಬರ ಬದುಕನ್ನು ಮಕ್ಕಳಿಗೆ ತೋರಿಸಬೇಕೆಂದು ನಿಶ್ಚಯಿಸಿದ್ದಾರೆ. ವಾಸಣ್ಣ ಫೋನು ಮಾಡಿ, ತನ್ನ ಏಣಿಯನ್ನು ಸಭಾಗೃಹದ ಗೋಡೆಗೆ ತೂಗುಹಾಕಬೇಕು, ಅದರ ಕೆಳಗೆ ನಿಂತು ತಾನು ಮಾತನಾಡಬೇಕು ಎಂದ. ನಾನು ಕೊಡುವುದಿಲ್ಲವೆಂದೆ. ಬಟ್ಟೆಯ ಮೇಲಿನ ಆಸೆಯಿಂದಲ್ಲ. ನಮ್ಮ ಮೊಮ್ಮಕ್ಕಳಿಗೆ ಕನ್ನಡ ಅರ್ಧಂಬರ್ಧ ಬರುತ್ತದೆ. ನಾವು ಆಡುವ ಮಾತು ಅವರ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಆದರೆ ಚಿತ್ರ ಹಾಗಲ್ಲ, ಅದು ಕಣ್ಣಿನಲ್ಲಿ ಕೂತುಬಿಡುತ್ತದೆ. ಗೋಡೆಯ ಮೇಲೆ ಏಣಿಯನ್ನು ನೋಡಿದ ಮಗು, ನಮ್ಮ ಬದುಕು ಹೀಗೆಯೇ ಮೆಟ್ಟಿಲುಮೆಟ್ಟಿಲಾಗಿ ಏರಿತೆಂದು ನಂಬುತ್ತದೆ. ಏರಲಿಲ್ಲ ಎಂಬುದಕ್ಕೆ ಸಾಕ್ಷಿ ನಾನೇ. ನಾನು ಬದುಕಿರುವಾಗಲೇ ನನ್ನ ವಿಷಯದಲ್ಲಿ ಸುಳ್ಳು ಸಾಕ್ಷಿ ನಿಲ್ಲುವುದನ್ನು ಒಪ್ಪಲಾರೆ.

ಮರುದಿನ ಬೆಳಿಗ್ಗೆ ವಾಸಣ್ಣ ಬಸ್ಸು ಹಿಡಿದು ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ನಮ್ಮ ಮನೆಗೇ ಬಂದ. ನಾವು ತಾರಸಿಯ ಮೇಲಿದ್ದೆವು. ಲಿಫ್ಟಿನಿಂದ ಹೊರಬಂದವನೇ ಅಲ್ಲಿಂದಲೇ ಕೂಗಿದ:

"ಏನೋ ಈರಣ್ಣಾ, ನನ್ನ ಕೈಲೆ ಬರದ ಚಿತ್ರ ನನಗ ಕೊಡಲಿಕ್ಕೆ ಒಲ್ಲೆ ಅಂತೀಯಲ್ಲ, ಯಾವ ನ್ಯಾಯ ಇದು? ಒಯ್ಯಲಿಕ್ಕೇ ಬಂದೇನಿ ನೋಡು!"

ಉತ್ತರ ಕೊಟ್ಟವಳು ಗಂಗವ್ವ. ಅವಳಾಗಲೇ ಬಟ್ಟೆಯನ್ನು ಹಾಸಿ, ಏಣಿಯನ್ನು ಕೆಳಮೊಗ ಮಾಡಿ, ಕೊನೆಯ ಸಾಲಿನ ಸಂಡಿಗೆಯನ್ನು ಬಿಡುತ್ತಿದ್ದಳು. "ವಾಸಣ್ಣಾರ, ಈಗ ಹಸಿ ಐತ್ರಿ. ಸಂಜೀತನಾ ನಿಮ್ಮ ಏಣಿ ಅಳ್ಳಾಡಂಗಿಲ್ಲ. ಕುಂದರ್ರಿ, ಚಾ ಕುಡೀರಿ. ಮಂಗ್ಯಾ ಬಂದ್ರ ಹೊಡೀರಿ."

ಹೀಗೆ ನಾವಿಬ್ಬರೂ ಕಾವಲಿಗೆ ನೇಮಕಗೊಂಡೆವು. ಚೈತ್ರದ ಬಿಸಿಲು ಆಗಲೇ ಕಾಯುತ್ತಿತ್ತು. ಸುತ್ತಲೂ ಇತರ ಮನೆಗಳವರು ಒಣಹಾಕಿದ ಆಲೂಗಡ್ಡೆಯ ಹೋಳು, ಖೀಚಿಯಾ ಹಪ್ಪಳ. ನೀರಿನ ಟಾಕಿಯ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಅವನ ಕೈಯಲ್ಲಿ ಛತ್ರಿ, ನನ್ನ ಕೈಯಲ್ಲಿ ಕೋಲು. ಸಾಮಾನ್ಯವಾಗಿ ಚರ್ಚೆಗೆ ಕೂತವರ ಕೈಯಲ್ಲಿ ಇಂಥ ಸಲಕರಣೆ ಇರಬಾರದು.

"ಅಲ್ಲೋ, ಏಣಿ ತಪ್ಪು ಅಂದ್ರ ಏನರ್ಥ? ಮನಷ್ಯಾ ಗವಿಯೊಳಗಿದ್ದಾಂವ ಹೊರಗ ಬಂದಾನೋ ಇಲ್ಲೋ?" ಎಂದು ಅವನು ಆರಂಭಿಸಿದ.

"ಬಂದಾನ. ನಾನೂ ಮಗ್ಗದ ಕುಣಿಯೊಳಗಿಂದ ಹೊರಗ ಬಂದೀನಿ," ಎಂದೆ.

ಕುಣಿಯೆಂದೆನಲ್ಲ, ಅದು ನಮ್ಮಪ್ಪನ ಕುಣಿಮಗ್ಗದ ಕುಣಿ. ನೆಲದಲ್ಲಿ ತೋಡಿದ ಆ ಗುಂಡಿಯಲ್ಲಿ ಅಪ್ಪ ಸೊಂಟದವರೆಗೂ ಇಳಿದು ಕೂತಿರುತ್ತಿದ್ದುದರಿಂದ, ಅವನೂ ನಾನೂ ಒಂದೇ ಎತ್ತರದವರೆಂದು ಬಹಳ ದಿನ ತಿಳಿದಿದ್ದೆ. ಊಟಕ್ಕೆ ಎದ್ದಾಗಲೆಲ್ಲ ಅವನು ಇದ್ದಕ್ಕಿದ್ದಂತೆ ಬೆಳೆದುಬಿಡುತ್ತಿದ್ದ. ನನ್ನ ಕೆಲಸ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವುದು. ಸುತ್ತಿದ್ದಕ್ಕಿಂತ ಸಿಕ್ಕು ಮಾಡಿದ್ದೇ ಹೆಚ್ಚು. ಆ ಮನೆಯಲ್ಲಿ ನನಗೆ ಬಹಳ ಪ್ರಿಯವಾಗಿದ್ದದ್ದು ಹಾಸು ಮುಗಿಯುವ ದಿನ. ಉದ್ದಕ್ಕೆ ಹಾಸಿದ ನೂಲೆಲ್ಲ ನೇಯ್ದು ತೀರಿದ ಮೇಲೆ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಮಗ್ಗದ ಹಣಿಗೆಯಲ್ಲಿ ಗೇಣುದ್ದ ಹಳೆಯ ಎಳೆಗಳು ಜೋತುಬಿದ್ದಿರುತ್ತಿದ್ದವು. ಅವನ್ನು ಕಿತ್ತೆಸೆದು ಹೊಸದನ್ನು ಏರಿಸುತ್ತಾರೆಂದು ನೀವು ಭಾವಿಸಬಹುದು. ಹಾಗಲ್ಲ. ಅಜ್ಜಿ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಯ ತುದಿಗೆ ಹೊಸೆದು ಕೂಡಿಸುತ್ತಿದ್ದಳು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಹಳೆಯ ಎಳೆಯನ್ನು ಮೆಲ್ಲಗೆ ಎಳೆದರೆ, ಅದರ ಬೆನ್ನು ಹತ್ತಿ ಹೊಸದು ಹಣಿಗೆಯೊಳಗೆ ನುಸುಳಿ ಬರುತ್ತಿತ್ತು. ಇಷ್ಟು ಕಷ್ಟವೇಕೆ, ಹಳೆಯದನ್ನು ಕತ್ತರಿಸಬಾರದೇ ಎಂದು ಒಮ್ಮೆ ಕೇಳಿದ್ದೆ. ಅಪ್ಪ ಗುಂಡಿಯೊಳಗಿನಿಂದಲೇ ಹೇಳಿದ: "ಹಳೀ ಎಳಿ ಇಲ್ದಿದ್ರ ಹೊಸಾದಕ್ಕ ದಾರಿ ಯಾರು ತೋರಸ್ಬೇಕಲೇ, ನೀ ತೋರಸ್ತೀ ಏನು?" ಸಿಕ್ಕು ಮಾಡುವುದರಲ್ಲಿ ನನಗಿದ್ದ ಖ್ಯಾತಿಯನ್ನು ನೆನೆದು ಮತ್ತೆ ಕಂಡಿಕೆಗೆ ಕೈಹಾಕಿದೆ.

ಇದನ್ನೆಲ್ಲ ವಾಸಣ್ಣನಿಗೆ ಹೇಳಿದರೆ ಅವನು ಛತ್ರಿಯನ್ನು ಝಾಡಿಸಿದ. "ಕೈಮಗ್ಗ ಹೋತು, ಗಿರಣಿ ಬಂತು. ಇದು ಮೆಟ್ಟಿಲ ಅಲ್ಲೇನು?"

"ಬಂತು. ಆಮ್ಯಾಲ ಗಿರಣಿ ಹೋತು. ಹೋದ ಮ್ಯಾಲ ಏನು ಬಂತು, ನೀನ ಹೇಳು."

ಏನು ಬಂತೆಂಬುದು ಅವನಿಗೂ ಗೊತ್ತು. ನಾನು ಸೂರತ್ತಿಗೆ ಹೋದೆ. ಊರ ಹೊರಗಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ಕೆಲವೇ ಪವರ್‌ಲೂಮುಗಳು; ಮಾಲೀಕನೂ ಬನಿಯನ್ ತೊಟ್ಟು ನಮ್ಮ ಪಕ್ಕದಲ್ಲೇ ದಾರ ಕಟ್ಟುತ್ತಿದ್ದ. ಸಣ್ಣ ಕಾರ್ಯಾಗಾರಗಳು ಅಳಿದು ದೊಡ್ಡ ಕಾರ್ಖಾನೆ ಬರುತ್ತದೆಂದು ಓದಿದ್ದೆ. ನನ್ನ ಕಣ್ಣೆದುರಿಗೆ ದೊಡ್ಡ ಕಾರ್ಖಾನೆ ಅಳಿದು ಸಣ್ಣ ಶೆಡ್ಡುಗಳು ಅಣಬೆಯಂತೆ ಎದ್ದಿದ್ದವು. ಏಣಿಯ ನಾಲ್ಕನೆಯ ಮೆಟ್ಟಿಲಿನಿಂದ ನಾನು ಮೂರಕ್ಕೆ ಇಳಿದೆನೋ, ನಾಲ್ಕೂವರೆಗೆ ಏರಿದೆನೋ ತಿಳಿಯದಾಯಿತು. ಆಗ ವಾಸಣ್ಣನಿಗೆ ವಡೋದರಾಕ್ಕೆ ವರ್ಗವಾಗಿತ್ತು. ರಜೆಯ ದಿನ ಬೆಳಗಿನ ರೈಲು ಹಿಡಿದು ಹೋಗಿ, ನಾನೀಗ ಯಾವ ಮೆಟ್ಟಿಲಿನ ಮೇಲಿದ್ದೇನೆಂದು ಕೇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಸಿ ಅವನು ಹೇಳಿದ: "ಇದು ಸಂಕ್ರಮಣ ಕಾಲ, ಈರಣ್ಣ." ಮೆಟ್ಟಿಲು ಕಾಣದಿದ್ದರೆ ಅದಕ್ಕೊಂದು ಹೆಸರಿಟ್ಟುಬಿಡುವುದು ಕಲಿತವರ ಪದ್ಧತಿ.

ಆ ದಿನ ಹಿಂದಿರುಗುವಾಗ ನಿಲ್ದಾಣದ ಹೊರಗಿನ ಹಳೆಯ ಪುಸ್ತಕದವನಲ್ಲಿ ಒಂದು ಹಿಂದಿ ಪುಸ್ತಕ ಕೊಂಡೆ. ಓದುವುದೆಂದರೆ ನನಗೆ ಗಾಡಿ ಏರು ಹತ್ತಿದ ಹಾಗೆ. ಗುಜರಾತಿಯನ್ನು ಗಿರಣಿಯ ನೋಟೀಸು ಓದುತ್ತ ಕಲಿತೆ. ಅದೇ ಅಕ್ಷರಗಳಿಗೆ ತಲೆಗೆರೆ ಹಾಕಿದರೆ ಹಿಂದಿಯಾಗುತ್ತದೆಂದು ನಂಬಿ ಮುಂದುವರಿದೆ. ಹಾಗಲ್ಲವೆಂದು ತಿಳಿಯುವಷ್ಟರಲ್ಲಿ ಹಿಂದಿ ಬಂದುಬಿಟ್ಟಿತ್ತು. ಆ ಪುಸ್ತಕದಲ್ಲಿ ಒಂದು ವಿಷಯ ಕಂಡು ಶೆಡ್ಡಿನ ಮೆಟ್ಟಿಲಿನಲ್ಲೇ ಬುತ್ತಿ ಮರೆತು ಕೂತೆ. ಸಿದ್ಧಾಂತದ ಮೂಲಪುರುಷರಾದ ಗಡ್ಡದ ಮಹಾಶಯರನ್ನು, ಅವರ ಮುಪ್ಪಿನಲ್ಲಿ, ರಷ್ಯಾದ ಹೆಣ್ಣುಮಗಳೊಬ್ಬಳು ಕೇಳಿದ್ದಳು: ನಮ್ಮ ಹಳ್ಳಿಗಳ ಕೂಡುಭೂಮಿ ನಾಶವಾಗಿ, ಎಲ್ಲರೂ ಬಂಡವಾಳಶಾಹಿಯ ಮೆಟ್ಟಿಲನ್ನು ತುಳಿದೇ ತೀರಬೇಕೇ? ಅವರು ಕರಡಿನ ಮೇಲೆ ಕರಡು ಬರೆದು, ಹೊಡೆದುಹಾಕಿ, ಕೊನೆಗೆ ಚಿಕ್ಕದೊಂದು ಉತ್ತರ ಕಳಿಸಿದರು. ತಾವು ವಿವರಿಸಿದ್ದು ಪಶ್ಚಿಮ ಯುರೋಪಿನ ಕಥೆ. ಅದೇ ದಾರಿ ಎಲ್ಲರ ಹಣೆಯಲ್ಲೂ ಬರೆದಿದೆಯೆಂದು ತಾವು ಹೇಳಿಲ್ಲ ಎಂಬುದು ಅದರ ಸಾರಾಂಶ.

ನನಗೆ ಸಂತೋಷವಾಗಬೇಕಿತ್ತು, ಆದದ್ದು ಸಿಟ್ಟು. ಅಷ್ಟು ವರ್ಷ ಯಾರೊಂದಿಗೆ ಮನಸ್ಸಿನಲ್ಲಿ ಜಗಳವಾಡುತ್ತಿದ್ದೆನೋ ಆ ಮುದುಕ ನನ್ನ ಪಕ್ಕದಲ್ಲೇ ಬಂದು ಕೂತಿದ್ದ. ಅಂದಿನಿಂದ ನನ್ನ ಪಾಡು ವಿಚಿತ್ರವಾಯಿತು. ಏಣಿಯನ್ನು ನಂಬಿದವರೊಡನೆ ಏಣಿ ಸುಳ್ಳೆಂದು ವಾದಿಸಬೇಕು. ಏಣಿ ಸುಳ್ಳಾದ್ದರಿಂದ ಮಾರ್ಕ್ಸ್‌ವಾದವೇ ಸುಳ್ಳೆನ್ನುವವರೊಡನೆ, ಏಣಿ ಆ ಗಡ್ಡದ ಮಹಾಶಯರದಲ್ಲವೆಂದು ವಾದಿಸಬೇಕು. ಅಷ್ಟೇ ಅಲ್ಲ. ನನ್ನ ಮಗ, "ಅಪ್ಪಾ, ಕುಣಿಯೊಳಗಿಂದ ಒಂಬತ್ತನೇ ಮಾಳಿಗಿಗೆ ಬಂದೀಯಲ್ಲ, ಇದು ಪ್ರಗತಿ ಅಲ್ಲದ ಮತ್ತೇನು?" ಎನ್ನುತ್ತಾನೆ. ಬಿಲ್ಡರುಗಳ ಜಾಹೀರಾತಿನಲ್ಲೂ ಒಂದು ಏಣಿಯಿದೆ, ತುದಿಯಲ್ಲಿ ಬಾವುಟದ ಬದಲು ಈಜುಕೊಳ. ಒಂಬತ್ತನೆಯ ಮಹಡಿಗೆ ನನ್ನನ್ನು ತಂದದ್ದು ಇತಿಹಾಸವಲ್ಲ, ಲಿಫ್ಟು. ಅದೂ ಕರೆಂಟು ಇದ್ದರೆ.

"ರಷ್ಯಾದಾಕಿಗೆ ಬರದ ಆ ಚೀಟಿ ಹಿಡಕೊಂಡು ಎಷ್ಟು ವರ್ಷ ಕುಣೀತಿ?" ವಾಸಣ್ಣ ಕೆಣಕಿದ. "ಅದನ್ನ ಅವರು ಅಚ್ಚು ಹಾಕಿಸಲಿಲ್ಲ. ಅಚ್ಚು ಹಾಕಿಸಿದ್ದರೊಳಗ ಮುಂದ, ಮುಂದ ಅಂತನ ಅದ. ಅದನ್ನೂ ಓದಿಯಲ್ಲ, ಅದಕ್ಕೇನಂತಿ?"

"ಓದೀನಿ. ಹರೇದಾಗ ಹಂಗ ಬರದ್ರು, ಮುಪ್ಪಿನಾಗ ತಡದು ನೋಡಿದ್ರು. ಎರಡೂ ಐತಿ. ನೀ ಬರೇ ಹರೇದ್ದು ಬರದೀ ಬಟ್ಟೀ ಮ್ಯಾಲ."

"ಹರೇದೊಳಗ ಹರೇದ್ದ ಬರೀತಾರೋ, ಹುಚ್ಚಪ್ಪಾ!"

ಇಷ್ಟರಲ್ಲಿ ಟಾಕಿಯ ಮೇಲಿನಿಂದ ಕಪ್ಪು ಮೋರೆಯ ಮಂಗವೊಂದು ಇಳಿಯಿತು. ನಾನು ಕೋಲೆತ್ತಿದೆ, ವಾಸಣ್ಣ ಛತ್ರಿಯನ್ನು ಬಿಚ್ಚಿ ಮುಚ್ಚಿ ಬಿಚ್ಚಿದ. ಅದು ಪಕ್ಕದವರ ಹಪ್ಪಳವನ್ನು ಕಿತ್ತುಕೊಂಡು ಹೋಯಿತು. ಗೆದ್ದೆವೆಂದು ಕೂತೆವು. ವಾಸಣ್ಣ ಛತ್ರಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಅನಂತರ, ಅವನಿಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದ:

"ಈರಣ್ಣ, ಒಂದು ಮಾತು. ಪಾಳಿ ಮುಗಿಸಿ ಕಾಲೆಳಕೋತ ಮಂದಿ ಮ್ಯಾಲಿನ ಕೋಣಿಗೆ ಯಾಕ ಬರ್ತಿದ್ದರು? ಆ ಏಣಿ ನೋಡಲಿಕ್ಕೆ. ಮುಂದ ಒಂದು ಮೆಟ್ಟಿಲ ಅದ ಅಂತ ಧೈರ್ಯ. ನನ್ನ ಕಡೆ ಕೊಡಲಿಕ್ಕೆ ಬ್ಯಾರೆ ಏನಿತ್ತು? ಅದನ್ನೂ ಸುಳ್ಳು ಅಂತ ಮಕ್ಕಳ ಮುಂದ ಹೇಳಿದರ, ನಾ ಅಷ್ಟು ವರ್ಷ ಮಾಡಿದ್ದು ಏನಾತು?"

ಅವನ ಮಾತಿನಲ್ಲಿ ಹುರುಳಿತ್ತು. ನಾನೂ ಕಾಲೆಳೆಯುತ್ತ ಹತ್ತಿದವನೇ. ಆದರೆ ಒಬ್ಬನ ಮೇಲೆ ಪ್ರೀತಿಯಿದ್ದ ಮಾತ್ರಕ್ಕೆ ಅವನ ತಪ್ಪನ್ನು ಗೋಡೆಗೆ ತೂಗುಹಾಕಲಾಗದು.

"ವಾಸಣ್ಣ, ಏಣಿ ತಾನ ಮ್ಯಾಲಕ್ಕ ಒಯ್ಯೂದಿದ್ರ ನಾವು ಮುಷ್ಕರ ಯಾಕ ಮಾಡಬೇಕಿತ್ತು? ಸುಮ್ನ ನಿಂತಿದ್ರ ಸಾಕಾಗಿತ್ತಲ್ಲ. ನೀ ಕೊಟ್ಟದ್ದು ಏಣಿ ಅಲ್ಲೋ. ಕೆಲಸಾ ಬಿಟ್ಟು ಬಾಗಲ್ದಾಗ ಒಟ್ಟಿಗೆ ನಿಂದ್ರೂದು ಕಲಿಸಿದಿ. ಅದು ಖರೆ. ಗಿರಣಿ ಮುಚ್ಚಿದಾಗ ಮುಂದಿನ ಮೆಟ್ಟಿಲ ಬರ್ತೈತಿ ಅಂತ ಚಾಳಿನ್ಯಾಗ ಕಾಯ್ಕೋತ ಕುಂತ ಮಂದೀನ್ನೂ ನಾ ನೋಡೀನಿ. ಅದೂ ಖರೆ. ಎರಡೂ ಹೇಳೂದಿದ್ರ ಒಯ್ಯಿ."

ಊಟಕ್ಕೆ ಇಳಿದು, ಮತ್ತೆ ಮೇಲೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಸಂಡಿಗೆಯನ್ನೇ ನೋಡುತ್ತ ಕೂತೆವು.

ಬಿಸಿಲು ಇಳಿದಾಗ ಗಂಗವ್ವ ನೀರಿನ ತಂಬಿಗೆ ಹಿಡಿದು ಬಂದಳು. ಸಂಡಿಗೆ ಬಿಡಿಸುವ ಕ್ರಮ ನಿಮಗೆ ತಿಳಿದಿರಬಹುದು: ಬಟ್ಟೆಗೆ ಕಚ್ಚಿಕೊಂಡದ್ದನ್ನು ಹಾಗೇ ಎಳೆದರೆ ಮುರಿಯುತ್ತದೆ. ಬಟ್ಟೆಯನ್ನು ಮಗುಚಿ, ಬೆನ್ನಿಗೆ ನೀರು ಚಿಮುಕಿಸಿ, ನೆನೆಯಲು ಬಿಡಬೇಕು. ನಾವಿಬ್ಬರೂ ಎರಡೆರಡು ಮೂಲೆ ಹಿಡಿದು ಮಗುಚಿದೆವು. ಏಣಿ ಮೇಲೆ ಬಂತು.

ವಾಸಣ್ಣ ಅದನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಮಂಡಿಯೂರಿ ಕೂತು, ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ಹುಡುಕಿದ. ಗುಲಾಮನ ಸಂಕೋಲೆ ಮಾಸಿತ್ತು. ದೊರೆಯ ಕಿರೀಟದ ಹಳದಿ ಹರಿದು ಗಿರಣಿಯ ಗೋಡೆಗೆ ಹತ್ತಿತ್ತು. ತುದಿಯ ಕಾರ್ಮಿಕ ಎಡಗಾಲು ಮುಂದಿಟ್ಟು, ಬರಿಯ ಕೋಲೊಂದನ್ನು ಹಿಡಿದು ನಿಂತಿದ್ದ.

"ಬಾವುಟ ಎಲ್ಲಿ ಹೋತು?"

"ಕೆಂಪು ಮೊದಲ್ನೇ ವರ್ಸಾನ ಹೋತ್ರಿ," ಎಂದಳು ಗಂಗವ್ವ, ನೀರು ಚಿಮುಕಿಸುತ್ತ. "ಆ ವರ್ಸದ ಸಂಡಿಗಿ ಎಲ್ಲಾ ಗುಲಾಬಿ ಆಗಿದ್ವು. ಚಂದ ಅದಾವ ಅಂತ ನೀವು ಡಬ್ಬಿ ತುಂಬಿಸ್ಕೊಂಡು ಒಯ್ದಿದ್ರಿ, ಮರತ್ರೇನು?"

ನಾನು ನಗಬಾರದೆಂದುಕೊಂಡೆ, ಆಗಲಿಲ್ಲ. "ಕ್ರಾಂತೀನ ಕರದು ತಿಂದೀಯಲ್ಲೋ, ವಾಸಣ್ಣ!"

"ಗಿರಣಿ ಮಾತ್ರ ಹೊಸಾದರಂಗ ಅದ," ಎಂದ ಅವನು ಹತಾಶನಾಗಿ.

"ಆ ಬಣ್ಣ ಗಿರಣಿದು. ಡೈ ಖಾತೆದಿಂದ ನಾನ ತಂದು ಕೊಟ್ಟಿದ್ನಿ. ಕೆಂಪು ನೀ ಬಜಾರದಾಗ ತಂದಿದ್ದಿ."

ಅವನೂ ನಕ್ಕ. ಆಗಲೇ ಪಕ್ಕದ ಮನೆಯ ಹಂಸಾಬೆನ್ ತಮ್ಮ ಹಪ್ಪಳ ಎತ್ತಿಡಲು ಬಂದವರು, ಮಂಗನ ಪಾಲಾದದ್ದಕ್ಕೆ ನಮ್ಮನ್ನು ಬಯ್ಯುವ ಮೊದಲೇ ಬಟ್ಟೆಯನ್ನು ಕಂಡು ನಿಂತರು. ಅವರು ಜೈನರು. "ಅರೇ, ಆ ತೊ ಜ್ಞಾನಬಾಜಿ ಛೆ!" ಎಂದು ಹಿಗ್ಗಿದರು. ಪರ್ಯುಷಣ ಹಬ್ಬದ ದಿನಗಳಲ್ಲಿ ಅವರ ತವರಿನ ಹೆಂಗಸರು ಬಟ್ಟೆಯ ಮೇಲೆ ಬರೆದ ಜ್ಞಾನಬಾಜಿಯೆಂಬ ಹಾವು-ಏಣಿಯ ಆಟವನ್ನು ನೆಲಕ್ಕೆ ಹಾಸಿ, ಸುತ್ತ ಕೂತು ಆಡುತ್ತಿದ್ದರಂತೆ. ಮರುಕ್ಷಣವೇ ಅವರ ಹುಬ್ಬು ಗಂಟಿಕ್ಕಿತು. "ಪಣ ಕಾಕಾ, ಸಾಪ್ ಕ್ಯಾಂ ಗಯಾ?"

ಹಾವುಗಳೆಲ್ಲಿ ಹೋದವೆಂದು ಕೇಳುತ್ತಿದ್ದರು. ಇದರಲ್ಲಿ ಹಾವಿಲ್ಲ, ಬರೀ ಏಣಿ ಎಂದು ವಾಸಣ್ಣ ವಿವರಿಸಿದ. ಹಂಸಾಬೆನ್ ನಂಬಲಿಲ್ಲ. ಅವರ ಆಟದಲ್ಲಿ ತುದಿಯ ಮೋಕ್ಷದ ಮನೆಯ ಹೊಸ್ತಿಲಿನಲ್ಲೂ ಒಂದು ಹಾವು ಬಾಯ್ದೆರೆದಿರುತ್ತದೆ. ಹಾವಿಲ್ಲದ ಮೇಲೆ ಆಡುವುದೇನನ್ನು ಎಂಬುದು ಅವರ ಪ್ರಶ್ನೆ. ವಾಸಣ್ಣ ನನ್ನತ್ತ ನೋಡಿದ. ನಾನು ಕುಣಿದಾಡುವೆನೆಂದು ಭಾವಿಸಿದ್ದನೋ ಏನೋ. ಆದರೆ ಆ ಹಾವನ್ನೂ ನಾನು ಒಪ್ಪಲಾರೆ. ಹಾವು ನುಂಗಿದವನು ಮೊದಲಿದ್ದ ಮನೆಗೇ ಬಂದು ಬೀಳುತ್ತಾನೆ. ಸೂರತ್ತಿನ ಶೆಡ್ಡು ಅಪ್ಪನ ಕುಣಿಮಗ್ಗವಾಗಿರಲಿಲ್ಲ. ಅಲ್ಲಿ ದಾರ ಕಟ್ಟುತ್ತಿದ್ದ ನನ್ನ ಬೆರಳುಗಳಿಗೆ ಅಜ್ಜಿಯ ಬೂದಿಯೂ ಗೊತ್ತಿತ್ತು, ಗಿರಣಿಯ ಬಾಗಿಲಿನಲ್ಲಿ ಒಟ್ಟಿಗೆ ನಿಲ್ಲುವುದೂ ಗೊತ್ತಿತ್ತು. ಏರಲಿಲ್ಲ, ಇಳಿಯಲೂ ಇಲ್ಲ. ಹಳೆಯದರ ತುದಿಗೆ ಹೊಸದನ್ನು ಕೆಚ್ಚಿಕೊಂಡು ಬಂದೆ. ಒಂದೆರಡು ಕಡೆ ಸಿಕ್ಕಾದದ್ದು ನನ್ನ ಸ್ವಭಾವ.

ಹಂಸಾಬೆನ್ ಬಿಡಲಿಲ್ಲ. ಬಟ್ಟೆಯ ಪಕ್ಕದಲ್ಲಿ ಕೂತೇಬಿಟ್ಟರು. "ಶುರುಆತ್ ಕ್ಯಾಂಥಿ ಕರವಾನೀ?"

ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ನಾವಿಬ್ಬರೂ ಒಮ್ಮೆಲೇ ಬೆರಳಿಟ್ಟೆವು. ವಾಸಣ್ಣನ ಬೆರಳು ಬೇಟೆ ಹಂಚಿಕೊಳ್ಳುವ ಆದಿಮಾನವರ ಮೇಲಿತ್ತು. ನನ್ನದು ನಡುವೆ, ಕಿರೀಟದ ಹಳದಿ ಹರಿದು ಗಿರಣಿಗೆ ಸೇರಿದ ಜಾಗದ ಮೇಲೆ.

"ಮೊದ್ಲ ಸಂಡಿಗಿ ಬಿಡಸೂದರಿಂದ ಸುರು ಮಾಡ್ರಿ," ಎಂದಳು ಗಂಗವ್ವ.

ಬಿಡಿಸಿದೆವು. ಬಟ್ಟೆಯನ್ನು ಹಿಂಡಿ, ಒಣಗಿಸಿ, ಮಡಿಸುವಾಗ ವಾಸಣ್ಣ ನನ್ನ ಮುಖ ನೋಡದೆ ಹೇಳಿದ: "ಗ್ವಾಡಿಗೆ ಬ್ಯಾಡ. ಹಂಸಾಬೆನ್ ಹೇಳಿದ್ಹಂಗ ನೆಲಕ್ಕ ಹಾಸೋಣು. ಸುತ್ತ ಹುಡುಗರು ಕೂಡಲಿ. ಆದರ ನಾ ಮಾತ್ರ ಕೆಳಗಿನ ಮೆಟ್ಟಿಲಿಂದನ ಹೇಳಾಂವ."

"ಹೇಳು. ನಾ ಎದುರಿಗೆ ಕುಂದರ್ತೀನಿ."

"ಬಾವುಟ ಮತ್ತ ಬರೀಲೇನು?"

"ಬರಿ. ಈ ಸಲ ಬಣ್ಣ ನಾ ತರ್ತೀನಿ."

ಗೋಡೆಯ ಮೇಲಿದ್ದರೆ ಏಣಿಗೆ ಒಂದೇ ದಿಕ್ಕು. ನೆಲದ ಮೇಲೆ ಹಾಗಿಲ್ಲ. ಒಂದು ಕಡೆ ಕೂತ ಮಗುವಿಗೆ ಅದು ದೂರ ಹೋಗುತ್ತದೆ, ಎದುರಿಗೆ ಕೂತದ್ದಕ್ಕೆ ಹತ್ತಿರ ಬರುತ್ತದೆ. ಬದಿಗೆ ಕೂತವರಿಗೆ ಮೆಟ್ಟಿಲುಗಳೆಲ್ಲ ಮಗ್ಗದ ಮೇಲಿನ ಹಾಸಿನ ಎಳೆಗಳ ಹಾಗೆ ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ವಾಸಣ್ಣ ಕೂಗಿ ಹೇಳಲಿ; ನಾನೂ ಕೂಗಿಯೇ ಹೇಳುತ್ತೇನೆ. ಬರಲಾಗುವವರು ಭಾನುವಾರ ಬನ್ನಿ. ಬಟ್ಟೆ ಸೋಮವಾರ ಮನೆಗೆ ಬರಲೇಬೇಕೆಂದು ಗಂಗವ್ವನ ಕರಾರು; ಅರಳಿನ ಸಂಡಿಗೆ ಇನ್ನೂ ಬಾಕಿಯಿದೆ.